ಮಸೀಹುಲ್ ಮುಲ್ಕ್ ಹಕೀಮ್ ಅಜ್ಮಲ್ ಖಾನ್: ಮದ್ದಿನ ವ್ಯಾಪಾರವನ್ನು ಅಮಾನತ್ತಾಗಿ ಕಂಡವರು

ನಮ್ಮ ಮನೆಗಳಲ್ಲಿ ಮದ್ದಿಗೆಂದೇ ಮೀಸಲಾದ ಒಂದು ಪುಟ್ಟ ಕಪಾಟು ಇರುತ್ತದೆ. ಶೀತಕ್ಕೆ ಹಚ್ಚುವ ಮುಲಾಮು, ಮಗುವಿನ ಹೊಟ್ಟೆನೋವಿಗೆ ಗ್ರೈಪ್ ವಾಟರ್, ಕೆಮ್ಮಿನ ಶರಬತ್ತು, ಕರಿಜೀರಿಗೆ ಎಣ್ಣೆಯ ಸೀಸೆ, ರಮಝಾನಿನ ಇಫ್ತಾರಿಗೆಂದು ತಂದಿಟ್ಟ ಕೆಂಪು ಪಾನಕದ ಬಾಟಲಿ. ವೈದ್ಯರ ಬಳಿಗೆ ಹೋಗುವ ಮೊದಲು ತಾಯಿಯ ಕೈ ಹೋಗುವುದು ಆ ಕಪಾಟಿಗೆ. ಸೀಸೆಯ ಮುಚ್ಚಳ ತೆರೆದು ಮಗುವಿನ ಬಾಯಿಗೆ ಒಂದು ಚಮಚ ಮದ್ದು ಹಾಕುವಾಗ ಅದರಲ್ಲಿ ಏನೇನು ಬೆರೆತಿದೆಯೆಂದು ಆಕೆಗೆ ತಿಳಿದಿರುವುದಿಲ್ಲ. ತಯಾರಿಸಿದವನು ಮೋಸ ಮಾಡಿರಲಾರ ಎಂಬ ನಂಬಿಕೆಯೊಂದೇ ಆಕೆಗೆ ಆಧಾರ.

ಕಾಣದ ಜನರು ನಮ್ಮ ಮೇಲಿಟ್ಟ ಇಂತಹ ನಂಬಿಕೆ ಒಂದು ಅಮಾನತ್ತು. ಹಣದ ಅಮಾನತ್ತಿಗೆ ಸಾಕ್ಷಿಗಳಿರಬಹುದು, ಬರವಣಿಗೆ ಇರಬಹುದು. ಮದ್ದಿನ ಅಮಾನತ್ತಿಗೆ ಅವಾವುದೂ ಇಲ್ಲ. ಇಲ್ಲಿ ವಂಚನೆ ಸುಲಭ, ಲಾಭ ಹೆಚ್ಚು. ಕಾಯಿಲೆಯವನು ಚೌಕಾಶಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ವಾಸಿಯಾಗದಿದ್ದರೆ ತನ್ನ ಹಣೆಬರಹವನ್ನು ದೂರುತ್ತಾನೆಯೇ ಹೊರತು ಸೀಸೆಯನ್ನು ದೂರುವುದಿಲ್ಲ. ಈ ಅಮಾನತ್ತಿನ ಭಾರವನ್ನು ಅರಿತು, ಮನೆತನಕ್ಕೆ ಒಲಿದು ಬಂದ ಕೀರ್ತಿಯನ್ನೂ ಮದ್ದಿನಂಗಡಿಯ ಲಾಭವನ್ನೂ ಸಾರ್ವಜನಿಕರ ಸೇವೆಗೆ ತಿರುಗಿಸಿದ ಒಬ್ಬ ಮಹಾನುಭಾವರು ದೆಹಲಿಯಲ್ಲಿದ್ದರು. ಅವರೇ ಹಕೀಮ್ ಅಜ್ಮಲ್ ಖಾನ್. ಸ್ವಾತಂತ್ರ್ಯ ಹೋರಾಟದ ನಾಯಕರೆಂದು ಅವರ ಹೆಸರನ್ನು ಕೇಳಿದವರು ಅನೇಕರು. ಮದ್ದಿನ ಸೀಸೆಯೊಂದಿಗೆ ಅವರಿಗಿದ್ದ ನಂಟನ್ನು ಬಲ್ಲವರು ಕಡಿಮೆ.

ಬಲ್ಲೀಮಾರಾನಿನ ಮನೆತನ

ಅಜ್ಮಲ್ ಖಾನರು 1868ರ ಫೆಬ್ರವರಿ 11ರಂದು ದೆಹಲಿಯಲ್ಲಿ ಜನಿಸಿದರು. ಅವರ ಪೂರ್ವಿಕರು ಮೊಗಲ್ ದೊರೆಗಳ ಆಸ್ಥಾನದಲ್ಲಿ ವೈದ್ಯರಾಗಿದ್ದವರು. ಮುತ್ತಾತ ಹಕೀಮ್ ಶರೀಫ್ ಖಾನರ ಹೆಸರಿನಿಂದಲೇ ಆ ಮನೆತನವನ್ನು ಶರೀಫಿ ಮನೆತನವೆಂದು ಕರೆಯಲಾಗುತ್ತಿತ್ತು. ಹಳೆದೆಹಲಿಯ ಬಲ್ಲೀಮಾರಾನ್ ಎಂಬ ಬೀದಿಯಲ್ಲಿದ್ದ ಅವರ ಮನೆ ಶರೀಫ್ ಮಂಝಿಲ್ ಎಂದು ಪ್ರಸಿದ್ಧವಾಗಿತ್ತು. ಕವಿ ಮಿರ್ಝಾ ಗಾಲಿಬರೂ ಅದೇ ನೆರೆಹೊರೆಯಲ್ಲಿ ವಾಸವಾಗಿದ್ದರು.

1857ರ ದಂಗೆಯನ್ನು ಹತ್ತಿಕ್ಕಿದ ಆಂಗ್ಲ ಸೈನ್ಯವು ದೆಹಲಿಯನ್ನು ಲೂಟಿ ಮಾಡಿದಾಗ ಬೀದಿಬೀದಿಗಳೇ ಖಾಲಿಯಾದವು. ಆದರೆ ಈ ಹಕೀಮರ ಬೀದಿಗೆ ಪಟಿಯಾಲದ ಮಹಾರಾಜರ ಸೈನಿಕರು ಕಾವಲು ನಿಂತರು. ಈ ಮನೆತನದ ಹಕೀಮರು ಪಟಿಯಾಲದ ಆಸ್ಥಾನದಲ್ಲಿ ಸೇವೆ ಸಲ್ಲಿಸುತ್ತಿದ್ದುದೇ ಅದಕ್ಕೆ ಕಾರಣ. ನಗರದ ಅನೇಕ ನಿರಾಶ್ರಿತರು ಅಲ್ಲಿ ಆಶ್ರಯ ಪಡೆದರು. ಒಬ್ಬ ವೈದ್ಯನ ಕೈಗುಣ ಒಂದು ಬೀದಿಯನ್ನೇ ಉಳಿಸಿತು. ಈ ಘಟನೆ ನಡೆದು 11 ವರ್ಷಗಳ ಬಳಿಕ ಜನಿಸಿದ ಅಜ್ಮಲ್ ಖಾನರು ಅದರ ಕಥೆಗಳ ನಡುವೆಯೇ ಬೆಳೆದರು.

ಬಾಲ್ಯದಲ್ಲಿ ಅವರು ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿ ಹಾಫಿಝರಾದರು. ಅರಬಿ, ಪಾರ್ಸಿ ಭಾಷೆಗಳನ್ನು ಕಲಿತರು. ವೈದ್ಯವಿದ್ಯೆಯನ್ನು ಮನೆಯಲ್ಲಿಯೇ ತಂದೆ ಹಕೀಮ್ ಮಹ್ಮೂದ್ ಖಾನ್ ಮತ್ತು ಅಣ್ಣಂದಿರಿಂದ ಕಲಿತರು. 1892ರಲ್ಲಿ ರಾಮಪುರದ ನವಾಬರು ಅವರನ್ನು ತಮ್ಮ ಮುಖ್ಯ ವೈದ್ಯರನ್ನಾಗಿ ನೇಮಿಸಿಕೊಂಡರು. ಸುಮಾರು 10 ವರ್ಷಗಳನ್ನು ಅವರು ಅಲ್ಲಿ ಕಳೆದರು. ಆಸ್ಥಾನದ ಗೌರವ, ದೊಡ್ಡ ಸಂಬಳ, ಶ್ರೀಮಂತ ಗ್ರಂಥಾಲಯ ಎಲ್ಲವೂ ಇದ್ದವು. ಅಲ್ಲಿಯೇ ನೆಮ್ಮದಿಯಿಂದ ಜೀವನ ಸಾಗಿಸಬಹುದಿತ್ತು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಬ್ಬರು ಅಣ್ಣಂದಿರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಮನೆತನದ ಹೊಣೆಯೂ ಹಿರಿಯಣ್ಣ ಅಬ್ದುಲ್ ಮಜೀದ್ ಖಾನರು 1889ರಲ್ಲಿ ಸ್ಥಾಪಿಸಿದ್ದ ಮದ್ರಸಾ ತಿಬ್ಬಿಯಾದ ಹೊಣೆಯೂ ಅಜ್ಮಲ್ ಖಾನರ ಹೆಗಲೇರಿದವು.

ಆ ಮದ್ರಸಾದ ಮಹತ್ವವನ್ನು ಇಲ್ಲಿ ಹೇಳಲೇಬೇಕು. ಅಲ್ಲಿಯವರೆಗೆ ಯೂನಾನಿ ವೈದ್ಯವಿದ್ಯೆ ಹೆಚ್ಚಾಗಿ ತಂದೆಯಿಂದ ಮಗನಿಗೆ, ಗುರುವಿನಿಂದ ಆಯ್ದ ಶಿಷ್ಯನಿಗೆ ಹೋಗುತ್ತಿತ್ತು. ಹಕೀಮರ ಮನೆಗಳಲ್ಲಿ ಬಯಾಝ್ ಎಂಬ ಕೈಬರಹದ ಪುಸ್ತಕಗಳಿರುತ್ತಿದ್ದವು. ಆ ಮನೆಯ ನುಸ್ಖಾಗಳನ್ನು, ಅಂದರೆ ಮದ್ದಿನ ಪಾಕಗಳನ್ನು, ಅದರಲ್ಲಿ ಬರೆದಿಡಲಾಗುತ್ತಿತ್ತು. ಅನೇಕರು ಅದನ್ನು ಚಿನ್ನದಂತೆ ಬಚ್ಚಿಡುತ್ತಿದ್ದರು. ಮಗನಿಲ್ಲದೆ ಸತ್ತ ಹಕೀಮನ ಅನುಭವವೆಲ್ಲ ಅವನ ಜೊತೆಗೇ ಮಣ್ಣಾಗುತ್ತಿತ್ತು. ಹೀಗಿರುವಾಗ ಯಾರು ಬೇಕಾದರೂ ಬಂದು ಪಾಠ ಕೇಳಿ ಪರೀಕ್ಷೆ ಬರೆಯುವಂತಹ ಶಾಲೆಯನ್ನು ತೆರೆದದ್ದು ದೊಡ್ಡ ಹೆಜ್ಜೆಯೇ ಸರಿ.

ಗುಟ್ಟಿನ ಮದ್ದುಗಳ ಕಾಲ

ಅಜ್ಮಲ್ ಖಾನರು ದೆಹಲಿಗೆ ಮರಳಿದ ಕಾಲವು ಜಗತ್ತಿನೆಲ್ಲೆಡೆ ಗುಟ್ಟಿನ ಮದ್ದುಗಳ ಸುಗ್ಗಿಯ ಕಾಲ. ವಿಲಾಯತಿನ ಪೇಟೆಂಟ್ ಗುಳಿಗೆಗಳು ಹಡಗಿನಲ್ಲಿ ಬಂದು ನಮ್ಮ ಪೇಟೆಗಳನ್ನು ತುಂಬುತ್ತಿದ್ದವು. ಪತ್ರಿಕೆಗಳ ಪುಟಗಳು ಅವುಗಳ ಜಾಹೀರಾತುಗಳಿಂದಲೇ ತುಂಬಿರುತ್ತಿದ್ದವು. ಒಂದೇ ಗುಳಿಗೆ ತಲೆನೋವು, ಮಲಬದ್ಧತೆ, ನಿದ್ರಾಹೀನತೆ, ನರದೌರ್ಬಲ್ಯ ಎಲ್ಲವನ್ನೂ ಗುಣಪಡಿಸುತ್ತದೆಯೆಂದು ಅವು ಸಾರುತ್ತಿದ್ದವು. ಒಳಗೇನಿದೆಯೆಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

1909ರಲ್ಲಿ ಬ್ರಿಟಿಷ್ ವೈದ್ಯರ ಸಂಘವು ಇಂತಹ ಮದ್ದುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದರ ಫಲಿತಾಂಶವನ್ನು ಪುಸ್ತಕವಾಗಿ ಪ್ರಕಟಿಸಿತು. ಜಗತ್ಪ್ರಸಿದ್ಧವಾಗಿದ್ದ ಬೀಚಮ್ಸ್ ಗುಳಿಗೆಯಲ್ಲಿ ಅವರಿಗೆ ಸಿಕ್ಕಿದ್ದು ಲೋಳೆಸರದ ಗಟ್ಟಿರಸ, ಶುಂಠಿ ಮತ್ತು ಸಾಬೂನು. ಮಾರಾಟದ ಬೆಲೆಯ ಮುಂದೆ ಆ ಸಾಮಗ್ರಿಗಳ ಬೆಲೆ ಏನೇನೂ ಅಲ್ಲ. ಜನರು ಹಣ ಕೊಟ್ಟು ಕೊಳ್ಳುತ್ತಿದ್ದುದು ಹೆಚ್ಚಾಗಿ ಜಾಹೀರಾತನ್ನೇ.

ದೇಶೀಯ ಮದ್ದುಗಳ ಸ್ಥಿತಿಯೂ ತೃಪ್ತಿಕರವಾಗಿರಲಿಲ್ಲ. ಹಕೀಮರು ನುಸ್ಖಾ ಬರೆದುಕೊಡುತ್ತಿದ್ದರು. ರೋಗಿಯು ಅದನ್ನು ಹಿಡಿದು ಅತ್ತಾರನ, ಅಂದರೆ ಗಂಧಿಗನ ಅಂಗಡಿಗೆ ಹೋಗುತ್ತಿದ್ದ. ಅಂಗಡಿಯವನು ಕೊಟ್ಟ ಬೇರು ಹೊಸದೋ ಹುಳ ಹಿಡಿದದ್ದೋ, ಹೇಳಿದ ಗಿಡದ್ದೋ ಅದನ್ನೇ ಹೋಲುವ ಬೇರೆ ಗಿಡದ್ದೋ ಎಂದು ತಿಳಿಯುವ ದಾರಿ ರೋಗಿಗಿರಲಿಲ್ಲ. ಬಳಿಕ ಮನೆಯಲ್ಲಿ ಅದನ್ನು ಕುಟ್ಟಿ, ನೆನೆಸಿ, ಕುದಿಸಿ, ಸೋಸಬೇಕಿತ್ತು. ಒಂದು ಮನೆಯ ಕಷಾಯ ಇನ್ನೊಂದು ಮನೆಯ ಕಷಾಯದಂತೆ ಇರುತ್ತಿರಲಿಲ್ಲ. ಹಕೀಮರು ಎಷ್ಟೇ ನಿಪುಣರಾಗಿದ್ದರೂ ಅಂಗಡಿಯ ಕಲಬೆರಕೆ ಅವರ ನೈಪುಣ್ಯವನ್ನು ನುಂಗಿಹಾಕುತ್ತಿತ್ತು.

ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಮೇಲೆ ಒಣಗಿದ್ದರೂ ಒಳಗೆ ಒದ್ದೆಯಾಗಿದ್ದ ಧಾನ್ಯ ಸಿಕ್ಕಿದ್ದನ್ನೂ, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತೆಂದು ಅವರು ವ್ಯಾಪಾರಿಯನ್ನು ಎಚ್ಚರಿಸಿದ್ದನ್ನೂ ನಾವೆಲ್ಲ ಕೇಳಿದ್ದೇವೆ. ಧಾನ್ಯವಾದರೆ ಕೈಯಿಟ್ಟು ನೋಡಬಹುದು. ಪುಡಿಯಾಗಿ, ಪಾಕವಾಗಿ, ಸೀಸೆಗಿಳಿದ ಮದ್ದಿನೊಳಗೆ ಕೈಯಿಡುವುದು ಹೇಗೆ? ಅಜ್ಮಲ್ ಖಾನರ ಮುಂದಿದ್ದ ಪ್ರಶ್ನೆ ಇದೇ.

ಹಿಂದೂಸ್ತಾನಿ ದವಾಖಾನೆ

1905ರ ಸುಮಾರಿಗೆ ಅವರು ಯೂನಾನಿ ಹಾಗೂ ಆಯುರ್ವೇದದ ಮದ್ದುಗಳನ್ನು ಸಿದ್ಧರೂಪದಲ್ಲಿ ತಯಾರಿಸುವ ಸಂಸ್ಥೆಯೊಂದನ್ನು ಕಟ್ಟಿದರು. ಹಿಂದೂಸ್ತಾನಿ ದವಾಖಾನೆ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. ಆಯ್ದ ಸಾಮಗ್ರಿಗಳನ್ನು ತರಿಸಿ, ಬಲ್ಲವರ ಮೇಲ್ವಿಚಾರಣೆಯಲ್ಲಿ ಪಾಕ ಮಾಡಿಸಿ, ಒಂದೇ ಅಳತೆಯಲ್ಲಿ ಮಾರುವುದು ಅದರ ಉದ್ದೇಶವಾಗಿತ್ತು.

ಯೂನಾನಿ ಮದ್ದುಗಳನ್ನು ನೋಡದ ಇಂದಿನ ಮಕ್ಕಳಿಗೆ ಅವುಗಳ ಪರಿಚಯ ಬೇಕಾದೀತು. ಗುಲಾಬಿಯಂತಹ ಹೂಗಳನ್ನೂ ಗಿಡಮೂಲಿಕೆಗಳನ್ನೂ ನೀರಿನಲ್ಲಿ ಕುದಿಸಿ ಆವಿಯನ್ನು ತಂಪುಗೊಳಿಸಿ ಹಿಡಿದರೆ ಅದು ಅರ್ಕ್. ಮೂಲಿಕೆಯ ಕಷಾಯವನ್ನು ಸಕ್ಕರೆಯೊಂದಿಗೆ ಪಾಕಕ್ಕೆ ತಂದರೆ ಶರಬತ್ತು. ಕೆಮ್ಮಿಗೆ ಕೊಡುವ ಬನಫ್ಶಾ ಶರಬತ್ತು ಇದೇ ಜಾತಿಯದು. ಪುಡಿ ಮಾಡಿದ ಮದ್ದನ್ನು ಜೇನು ಅಥವಾ ಸಕ್ಕರೆಯ ಗಟ್ಟಿ ಪಾಕದಲ್ಲಿ ಕಲಸಿದರೆ ಮಾಜೂನ್. ಪಾಕವನ್ನು ಬಹಳ ಹೊತ್ತು ಕಡೆದು ಬಿಳುಪು ಬರಿಸಿದರೆ ಖಮೀರಾ. ಜೀರ್ಣಶಕ್ತಿಗೆ ಕೊಡುವ ತರಿತರಿಯಾದ ಪಾಕ ಜವಾರಿಶ್. ಗಟ್ಟಿಯಾದ ಸಕ್ಕರೆ ಪಾಕದಲ್ಲಿ ಕ್ರಿಮಿಗಳು ಬೆಳೆಯಲು ಬೇಕಾದ ನೀರು ಸಿಗುವುದಿಲ್ಲ. ಆದ್ದರಿಂದ ಇವು ತಿಂಗಳುಗಟ್ಟಲೆ ಕೆಡುವುದಿಲ್ಲ. ಒಮ್ಮೆ ಸರಿಯಾಗಿ ತಯಾರಿಸಿದರೆ ದೂರದ ಊರಿಗೂ ಕಳುಹಿಸಬಹುದು. ಉಪ್ಪಿನಕಾಯಿ, ಮುರಬ್ಬ ಮಾಡಿಡುವ ಗೃಹಿಣಿಗೆ ಈ ವಿದ್ಯೆ ಹೊಸದೇನಲ್ಲ.

ದವಾಖಾನೆ ಚೆನ್ನಾಗಿ ನಡೆಯಿತು. ಅದಕ್ಕೆ ಅಜ್ಮಲ್ ಖಾನರ ಹೆಸರೊಂದೇ ಸಾಕಾಗಿತ್ತು. ಮನಸ್ಸು ಮಾಡಿದ್ದರೆ ಅವರು ಆ ಹೆಸರಿನಿಂದಲೇ ತಮ್ಮ ಮಕ್ಕಳು ಮೊಮ್ಮಕ್ಕಳಿಗೆ ಸಾಲುವಷ್ಟು ಸಂಪತ್ತನ್ನು ಕೂಡಿಡಬಹುದಿತ್ತು. ಅದು ಹಲಾಲಾದ ಸಂಪಾದನೆಯೇ ಆಗಿರುತ್ತಿತ್ತು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ದವಾಖಾನೆಯ ಲಾಭವನ್ನು ವೈದ್ಯ ವಿದ್ಯಾಲಯಕ್ಕೆ ಮೀಸಲಿಟ್ಟರು. ಇಂದು ಮಾರಾಟವಾಗುವ ಮದ್ದಿನ ಹಣದಿಂದ ನಾಳಿನ ವೈದ್ಯನು ಕಲಿಯಬೇಕು, ಆ ವೈದ್ಯನು ಇನ್ನೂ ಒಳ್ಳೆಯ ಮದ್ದನ್ನು ಕಂಡುಹಿಡಿಯಬೇಕು ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಉರ್ದು ಭಾಷೆಯಲ್ಲಿ ಹಾಝಿಕ್ ಎಂಬ ವೈದ್ಯಗ್ರಂಥವೂ ಅವರ ಹೆಸರಿನಲ್ಲಿದೆ. ಕಾಯಿಲೆಗಳ ಲಕ್ಷಣಗಳನ್ನೂ ಅವುಗಳಿಗೆ ಕೊಡಬೇಕಾದ ನುಸ್ಖಾಗಳನ್ನೂ ಜನರಿಗೆ ತಿಳಿಯುವ ಭಾಷೆಯಲ್ಲಿ ಅದು ಕೊಡುತ್ತದೆ. ಬಯಾಝ್‌ನ ಬೀಗದೊಳಗೆ ಉಳಿಯಬಹುದಾಗಿದ್ದ ವಿದ್ಯೆ ಹೀಗೆ ಅಚ್ಚಾಗಿ ಬೀದಿಗೆ ಬಂತು.

ಹೆಂಗಸರಿಗೊಂದು ಶಾಲೆ

ಆ ಕಾಲದ ಮನೆಗಳಲ್ಲಿ ಹೆರಿಗೆಯೆಂದರೆ ಜೀವನ್ಮರಣದ ಸಂಗತಿ. ಪರ್ದಾದಲ್ಲಿರುವ ಹೆಂಗಸರು ಗಂಡು ವೈದ್ಯರ ಬಳಿಗೆ ಹೋಗುತ್ತಿರಲಿಲ್ಲ. ಸೂಲಗಿತ್ತಿಯರು ಅನುಭವಸ್ಥರಾಗಿದ್ದರೂ ಶುಚಿತ್ವದ ಪಾಠ ಅವರಿಗೆ ಸಿಕ್ಕಿರಲಿಲ್ಲ. ಬಾಣಂತಿಯರು ನಂಜಿಗೆ ಬಲಿಯಾಗುವುದು ಸಾಮಾನ್ಯವಾಗಿತ್ತು. 1909ರಲ್ಲಿ ಅಜ್ಮಲ್ ಖಾನರು ಸೂಲಗಿತ್ತಿಯರಿಗೆ ತರಬೇತಿ ನೀಡಲು ಹೆಂಗಸರದೇ ಆದ ಝನಾನಾ ಶಾಲೆಯನ್ನೂ ಆಸ್ಪತ್ರೆಯನ್ನೂ ಆರಂಭಿಸಿದರು. ಹೆಣ್ಣುಮಕ್ಕಳು ಅಕ್ಷರ ಕಲಿಯುವುದನ್ನೇ ಅನೇಕ ಮನೆಗಳು ಒಪ್ಪದಿದ್ದ ಕಾಲದಲ್ಲಿ ಒಬ್ಬ ಹಾಫಿಝ್ ಹಕೀಮರು ಈ ಕೆಲಸಕ್ಕೆ ಮುಂದಾದುದು ಗಮನಾರ್ಹ. ಹೆಂಗಸರ ಲಜ್ಜೆಯನ್ನು ಗೌರವಿಸಬೇಕಾದರೆ ಅವರಿಗೆ ಕಲಿತ ಹೆಂಗಸರ ಸೇವೆ ಸಿಗುವಂತೆ ಮಾಡಬೇಕಲ್ಲವೇ?

ವೈದ್ಯರೂ ಹಕೀಮರೂ ಒಂದೇ ಚಪ್ಪರದಡಿ

ಇದೇ ವರ್ಷಗಳಲ್ಲಿ ಆಂಗ್ಲ ಸರ್ಕಾರವು ವೈದ್ಯರ ನೋಂದಣಿಗೆ ಕಾಯಿದೆ ತರಲು ಹೊರಟಿತು. 1912ರಲ್ಲಿ ಬೊಂಬಾಯಿ ಪ್ರಾಂತದಲ್ಲಿ ಅಂತಹ ಕಾಯಿದೆ ಜಾರಿಯಾಯಿತು. ಪಾಶ್ಚಾತ್ಯ ವೈದ್ಯಪದ್ಧತಿಯಲ್ಲಿ ಕಲಿತವರಿಗೆ ಮಾತ್ರ ಅದರಲ್ಲಿ ಸ್ಥಾನವಿತ್ತು. ಹಳ್ಳಿಹಳ್ಳಿಗಳಲ್ಲಿ ಜನರನ್ನು ನೋಡಿಕೊಳ್ಳುತ್ತಿದ್ದ ಆಯುರ್ವೇದ ಪಂಡಿತರೂ ಹಕೀಮರೂ ಕಾನೂನಿನ ಕಣ್ಣಿನಲ್ಲಿ ಇಲ್ಲವಾಗುವ ಅಪಾಯ ಎದುರಾಯಿತು.

ಈ ಅಪಾಯವನ್ನು ಅಜ್ಮಲ್ ಖಾನರು ಮೊದಲೇ ಕಂಡಿದ್ದರು. 1910ರಲ್ಲಿಯೇ ಅವರು ಅಖಿಲ ಭಾರತ ಮಟ್ಟದಲ್ಲಿ ಆಯುರ್ವೇದ ಮತ್ತು ಯೂನಾನಿ ವೈದ್ಯರ ಸಮ್ಮೇಳನವನ್ನು ಸಂಘಟಿಸಿದ್ದರು. ಪಂಡಿತರು ಒಂದು ಕಡೆ, ಹಕೀಮರು ಇನ್ನೊಂದು ಕಡೆ ನಿಂತು ಪರಸ್ಪರ ದೂಷಿಸುವ ಬದಲು ಒಂದೇ ವೇದಿಕೆಯಲ್ಲಿ ಕುಳಿತರು. ಕಾಯಿಲೆಗೆ ಜಾತಿಮತವಿಲ್ಲದ ಮೇಲೆ ಮದ್ದಿಗೆ ಯಾಕಿರಬೇಕು? ಅವರ ದವಾಖಾನೆಯಲ್ಲೂ ಎರಡೂ ಪದ್ಧತಿಗಳ ಮದ್ದುಗಳು ತಯಾರಾಗುತ್ತಿದ್ದವು. ಮುಂದೆ ಅವರು ಕಟ್ಟಿದ ಕಾಲೇಜಿನ ಹೆಸರಿನಲ್ಲಿ ಆಯುರ್ವೇದಕ್ಕೂ ಯೂನಾನಿಗೂ ಸಮಾನ ಸ್ಥಾನ ದೊರೆಯಿತು.

ಸರ್ಕಾರದ ನೀತಿಯನ್ನು ವಿರೋಧಿಸಿದರೂ ಪಾಶ್ಚಾತ್ಯರ ವಿದ್ಯೆಯನ್ನು ಅವರು ದ್ವೇಷಿಸಲಿಲ್ಲ. 1911ರಲ್ಲಿ ಯೂರೋಪಿಗೆ ಪ್ರವಾಸ ಹೋಗಿ ಅಲ್ಲಿನ ಆಸ್ಪತ್ರೆಗಳನ್ನೂ ವೈದ್ಯ ವಿದ್ಯಾಲಯಗಳನ್ನೂ ಕಣ್ಣಾರೆ ಕಂಡರು. ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರ ಪರಿಚಯ ಅಲ್ಲಾಯಿತು. ಬದುಕಿನುದ್ದಕ್ಕೂ ಅವರಿಬ್ಬರು ಆಪ್ತಮಿತ್ರರಾಗಿ ಉಳಿದರು. ಒಬ್ಬರು ಕತ್ತರಿ ಹಿಡಿದವರು, ಇನ್ನೊಬ್ಬರು ನಾಡಿ ಹಿಡಿದವರು. ದೇಶದ ಕೆಲಸದಲ್ಲಿ ಮಾತ್ರ ಇಬ್ಬರೂ ಒಂದೇ ದಾರಿಯವರು.

ಕರೋಲ್ ಬಾಗಿನ ಕಾಲೇಜು, ಗಾಂಧೀಜಿಯ ಕಹಿ ಮಾತು

1916ರ ಮಾರ್ಚ್ 29ರಂದು ದೆಹಲಿಯ ಕರೋಲ್ ಬಾಗಿನಲ್ಲಿ ಆಯುರ್ವೇದಿಕ್ ಮತ್ತು ಯೂನಾನಿ ತಿಬ್ಬಿಯಾ ಕಾಲೇಜಿಗೆ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅಸ್ತಿಭಾರ ಹಾಕಿದರು. ಕಟ್ಟಡ ಪೂರ್ಣವಾಗುವಷ್ಟರಲ್ಲಿ ಕಾಲ ಬದಲಾಗಿತ್ತು. ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ನಡೆದಿತ್ತು, ಖಿಲಾಫತ್ ಚಳವಳಿ ಆರಂಭವಾಗಿತ್ತು. ಸರ್ಕಾರವು 1908ರಲ್ಲಿ ಕೊಟ್ಟಿದ್ದ ಹಾಝಿಕುಲ್ ಮುಲ್ಕ್ ಎಂಬ ಬಿರುದನ್ನು ಅಜ್ಮಲ್ ಖಾನರು 1920ರಲ್ಲಿ ಹಿಂತಿರುಗಿಸಿದರು. ಸರ್ಕಾರ ಕೊಟ್ಟ ಬಿರುದು ಹೋಯಿತು, ಜನರು ಇನ್ನೊಂದನ್ನು ಕೊಟ್ಟರು. ಅದೇ ಮಸೀಹುಲ್ ಮುಲ್ಕ್, ದೇಶವನ್ನು ಗುಣಪಡಿಸುವವರು ಎಂಬ ಅರ್ಥದ ಬಿರುದು.

1921ರ ಫೆಬ್ರವರಿ 13ರಂದು ಕಾಲೇಜನ್ನು ಉದ್ಘಾಟಿಸಿದವರು ಮಹಾತ್ಮಾ ಗಾಂಧೀಜಿ. ಅದೇ ಸಮಾರಂಭದಲ್ಲಿ ಲಾರ್ಡ್ ಹಾರ್ಡಿಂಜ್ ದಂಪತಿಗಳ ಭಾವಚಿತ್ರಗಳೂ ಅನಾವರಣಗೊಂಡವು. ಸರ್ಕಾರದೊಂದಿಗೆ ಅಸಹಕಾರ ನಡೆಯುತ್ತಿರುವಾಗಲೂ ಮಾಡಿದ ಉಪಕಾರವನ್ನು ಮರೆಯಬಾರದೆಂಬ ಸಂಸ್ಕಾರ ಅದು.

ಉದ್ಘಾಟನೆಗೆ ಬಂದ ಅತಿಥಿಗಳು ಸಾಮಾನ್ಯವಾಗಿ ನಾಲ್ಕು ಹೊಗಳಿಕೆಯ ಮಾತನ್ನಾಡಿ ಹೋಗುತ್ತಾರೆ. ಗಾಂಧೀಜಿ ಹಾಗೆ ಮಾಡಲಿಲ್ಲ. ಆಧುನಿಕ ವಿಜ್ಞಾನಿಗಳಲ್ಲಿರುವ ಸಂಶೋಧನೆಯ ಹಂಬಲಕ್ಕೆ ಅವರು ಅಲ್ಲಿ ತಲೆಬಾಗಿದರು. ನಮ್ಮ ಪಂಡಿತರಲ್ಲೂ ಹಕೀಮರಲ್ಲೂ ಅಂತಹ ಹಂಬಲ ಕಾಣುತ್ತಿಲ್ಲವೆಂದೂ, ಹಿಂದಿನವರ ಸೂತ್ರಗಳನ್ನು ಪ್ರಶ್ನಿಸದೆ ಒಪ್ಪಿಕೊಂಡು ಹೋಗುತ್ತಿದ್ದಾರೆಂದೂ, ದೇಶೀಯ ವೈದ್ಯದ ಸ್ಥಿತಿ ಶೋಚನೀಯವಾಗಿದೆಯೆಂದೂ ನೇರವಾಗಿ ಹೇಳಿದರು. ತಮ್ಮ ಜೀವಮಾನದ ಕನಸು ನನಸಾದ ದಿನ, ತಮ್ಮ ಅಂಗಳದಲ್ಲಿಯೇ ಕೇಳಬೇಕಾದ ಮಾತಾಗಿತ್ತೇ ಅದು? ಬೇರೆ ಯಾರಾದರೂ ಮುನಿಸಿಕೊಳ್ಳುತ್ತಿದ್ದರು. ಅಜ್ಮಲ್ ಖಾನರು ಮುನಿಯಲಿಲ್ಲ. ಗಾಂಧೀಜಿಯೊಂದಿಗಿನ ಅವರ ಸ್ನೇಹ ಕೊನೆಯವರೆಗೂ ಉಳಿಯಿತು. ಆ ಟೀಕೆಗೆ ಅವರು ಕೊಟ್ಟ ಉತ್ತರವನ್ನು ಅವರ ಕೊನೆಯ ವರ್ಷಗಳಲ್ಲಿ ಕಾಣುತ್ತೇವೆ.

ಬಡವನ ಶುಲ್ಕ, ನವಾಬನ ಶುಲ್ಕ

ಅವರ ದಿನಚರಿಯಲ್ಲಿ ರೋಗಿಗಳಿಗೆ ಮೊದಲ ಸ್ಥಾನ. ಶರೀಫ್ ಮಂಝಿಲಿಗೆ ಬಂದ ರೋಗಿಗಳಿಂದ ಅವರು ಶುಲ್ಕ ಪಡೆಯುತ್ತಿರಲಿಲ್ಲ. ಅದು ಮನೆತನದ ಪದ್ಧತಿಯಾಗಿತ್ತು. ಚಿಂದಿಯುಟ್ಟ ಕೂಲಿಯಾಳೂ ಸಾಹುಕಾರನೂ ಅಲ್ಲಿ ಸರದಿಯಲ್ಲಿ ಕೂರುತ್ತಿದ್ದರು. ಆದರೆ ರಾಜರೂ ನವಾಬರೂ ದೆಹಲಿಯ ಹೊರಗೆ ಕರೆಸಿಕೊಂಡರೆ ದಿನಕ್ಕೆ 1000 ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಆ ಕಾಲದಲ್ಲಿ ಅದು ಬಹಳ ದೊಡ್ಡ ಮೊತ್ತ. ಇದ್ದವರಿಂದ ಪಡೆದು ಇಲ್ಲದವರಿಗೆ ಮುಟ್ಟಿಸುವ ಈ ಕ್ರಮದಿಂದಲೇ ಅವರ ಅನೇಕ ಸಂಸ್ಥೆಗಳು ಉಸಿರಾಡಿದವು.

ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಅವುಗಳಲ್ಲೊಂದು. 1920ರಲ್ಲಿ ಅಲೀಗಢದಲ್ಲಿ ಹುಟ್ಟಿದ ಈ ವಿದ್ಯಾಸಂಸ್ಥೆಗೆ ಅಜ್ಮಲ್ ಖಾನರೇ ಮೊದಲ ಕುಲಾಧಿಪತಿ. 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನಕ್ಕೆ ಆಯ್ಕೆಯಾಗಿದ್ದ ಚಿತ್ತರಂಜನ್ ದಾಸರು ಜೈಲಿನಲ್ಲಿದ್ದಾಗ ಅವರ ಸ್ಥಾನದಲ್ಲಿ ಅಧ್ಯಕ್ಷತೆ ವಹಿಸಿದವರೂ ಇವರೇ. 1924ರಲ್ಲಿ ತುರ್ಕಿಯಲ್ಲಿ ಖಿಲಾಫತ್ತೇ ರದ್ದಾದಾಗ ಇಲ್ಲಿನ ಚಳವಳಿ ಕುಸಿಯಿತು. ಅದರ ನಿಧಿಯನ್ನು ನೆಚ್ಚಿಕೊಂಡಿದ್ದ ಜಾಮಿಯಾ ಮುಚ್ಚುವ ಹಂತ ತಲುಪಿತು. ಆಗ ಅಜ್ಮಲ್ ಖಾನರು 1925ರಲ್ಲಿ ಅದನ್ನು ದೆಹಲಿಗೆ, ತಮ್ಮ ಕಾಲೇಜಿದ್ದ ಕರೋಲ್ ಬಾಗಿಗೆ ಕರೆತಂದರು. ಅದರ ಖರ್ಚಿನ ದೊಡ್ಡ ಪಾಲನ್ನು ತಾವೇ ಹೊತ್ತರು. ಇಂದು ಕೇಂದ್ರೀಯ ವಿಶ್ವವಿದ್ಯಾಲಯವಾಗಿರುವ ಆ ಸಂಸ್ಥೆಯ ಬೇರಿಗೆ ಒಂದು ಕಾಲದಲ್ಲಿ ನೀರೆರೆದದ್ದು ಒಬ್ಬ ಹಕೀಮರ ಸಂಪಾದನೆ.

ಬೇರಿನೊಳಗಿನ ಉತ್ತರ

ಈಗ ಗಾಂಧೀಜಿಯ ಟೀಕೆಗೆ ಬರೋಣ. ಸೂತ್ರಗಳನ್ನು ಪ್ರಶ್ನಿಸದೆ ಒಪ್ಪುವವರೆಂಬ ಆರೋಪಕ್ಕೆ ಮಾತಿನಿಂದ ಉತ್ತರ ಕೊಡಬಹುದಿತ್ತು. ಅಜ್ಮಲ್ ಖಾನರು ಒಬ್ಬ ರಸಾಯನಶಾಸ್ತ್ರಜ್ಞನನ್ನು ಹುಡುಕಿದರು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಡಾಕ್ಟರೇಟ್ ಪಡೆದ ಯುವಕ ಸಲೀಮುಝ್ಝಮಾನ್ ಸಿದ್ದೀಕಿಯವರಿಗೆ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನಾಲಯ ಕಟ್ಟುವ ಹೊಣೆಯನ್ನು ವಹಿಸಿದರು. ತಲೆಮಾರುಗಳಿಂದ ಬಂದ ಮೂಲಿಕೆಗಳನ್ನು ಗಾಜಿನ ನಳಿಕೆಯೊಳಗೆ ಹಾಕಿ ಪರೀಕ್ಷಿಸುವುದು ಆ ಸಂಶೋಧನಾಲಯದ ಕೆಲಸ. ಪರೀಕ್ಷೆಯಲ್ಲಿ ಮನೆತನದ ಮದ್ದು ಸುಳ್ಳಾಗಲೂಬಹುದು. ಆ ಭಯವಿದ್ದವನು ಇಂತಹ ಕೆಲಸಕ್ಕೆ ಕೈಹಾಕಲಾರ.

ಫಲವನ್ನು ನೋಡಲು ಅಜ್ಮಲ್ ಖಾನರು ಉಳಿಯಲಿಲ್ಲ. 1927ರ ಡಿಸೆಂಬರ್ ಕೊನೆಯಲ್ಲಿ ಅವರು ಹೃದ್ರೋಗದಿಂದ ನಿಧನರಾದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಆಗ ಅವರಿಗೆ 59 ವರ್ಷ.

ಸಿದ್ದೀಕಿಯವರು ಕೆಲಸ ಮುಂದುವರಿಸಿದರು. ಅವರು ಆರಿಸಿಕೊಂಡ ಮೂಲಿಕೆ ಸರ್ಪಗಂಧ. ಹುಚ್ಚಿಗೂ ನಿದ್ರಾಹೀನತೆಗೂ ನಮ್ಮ ದೇಶದಲ್ಲಿ ಹಿಂದಿನಿಂದಲೂ ಕೊಡುತ್ತಿದ್ದ ಬೇರು ಅದು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಅದು ಬೆಳೆಯುತ್ತದೆ. 1931ರಲ್ಲಿ ಆ ಬೇರಿನಿಂದ ಸಿದ್ದೀಕಿಯವರು ಹಲವು ಸತ್ವಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದಕ್ಕೆ ತಮ್ಮ ಹಿರಿಯರ ನೆನಪಿಗಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ಹೃದಯದ ಬಡಿತದ ಮೇಲೆ ಪರಿಣಾಮ ಬೀರುವ ಈ ಸತ್ವವನ್ನು ಬಡಿತದ ಕೆಲವು ದೋಷಗಳಿಗೆ ಮದ್ದಾಗಿ ಬಳಸಲಾಯಿತು. ಹಠಾತ್ ಸಾವಿಗೆ ಕಾರಣವಾಗಬಲ್ಲ ಬ್ರುಗಾಡಾ ಎಂಬ ಅಡಗಿದ ಹೃದಯದೋಷವನ್ನು ಪತ್ತೆಹಚ್ಚಲು ಇಂದಿಗೂ ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಬಳಸುತ್ತಾರೆ. ಹೃದ್ರೋಗದಿಂದ ತೀರಿಕೊಂಡ ಹಕೀಮರ ಹೆಸರು ಇಂದು ಹೃದಯ ಪರೀಕ್ಷಿಸುವ ಕೋಣೆಗಳಲ್ಲಿ ಉಳಿದಿದೆ.

ಅದೇ ಬೇರಿನ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1949ರಲ್ಲಿ ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ಮೇಲೆ ಸರ್ಪಗಂಧದ ಪರಿಣಾಮವನ್ನು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಝರ್‌ಲ್ಯಾಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಅದರಿಂದ ರೆಸರ್ಪೀನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಪರೀಕ್ಷೆಯಿಂದಾಗಿ ಬೇರಿನ ಗುಣದ ಜೊತೆಗೆ ದೋಷವೂ ತಿಳಿಯಿತು. ಅಳತೆ ಮೀರಿದರೆ ರಕ್ತದೊತ್ತಡ ಅಪಾಯಕರವಾಗಿ ಇಳಿಯುತ್ತದೆ, ಮನಸ್ಸು ಖಿನ್ನತೆಗೆ ಜಾರುತ್ತದೆ. ಗಿಡಮೂಲಿಕೆಯಾದ್ದರಿಂದ ತೊಂದರೆಯಿಲ್ಲವೆಂದು ತಿಳಿಯುವವರು ಇದನ್ನು ನೆನಪಿಡಬೇಕು. ಕೆಲಸ ಮಾಡುವ ಮದ್ದಿಗೆ ಕೇಡು ಮಾಡುವ ಶಕ್ತಿಯೂ ಇರುತ್ತದೆ.

ಅವರು ಬಿಟ್ಟುಹೋದ ದಾರಿ

ಅಜ್ಮಲ್ ಖಾನರ ಕಾಲದ ದೆಹಲಿಯಲ್ಲಿಯೇ, 1906ರಲ್ಲಿ, ಹಕೀಮ್ ಹಾಫಿಝ್ ಅಬ್ದುಲ್ ಮಜೀದರು ಹಮ್‌ದರ್ದ್ ಎಂಬ ಸಣ್ಣ ಮದ್ದಿನಂಗಡಿ ತೆರೆದರು. ಇಫ್ತಾರಿನ ಕೆಂಪು ಪಾನಕ ರೂಹ್ ಅಫ್ಝಾ ಹುಟ್ಟಿದ್ದು ಅಲ್ಲಿ. ಅವರ ಮಗ ಹಕೀಮ್ ಅಬ್ದುಲ್ ಹಮೀದರು 1948ರಲ್ಲಿ ಆ ಸಂಸ್ಥೆಯನ್ನು ವಕ್ಫ್ ಮಾಡಿದರು. ಅದರ ಆದಾಯದಿಂದ ಬೆಳೆದ ವಿದ್ಯಾಸಂಸ್ಥೆಗಳು 1989ರಲ್ಲಿ ಜಾಮಿಯಾ ಹಮ್‌ದರ್ದ್ ವಿಶ್ವವಿದ್ಯಾಲಯವಾದವು. ಮದ್ದಿನ ಲಾಭದಿಂದ ವಿದ್ಯೆಯನ್ನು ಬೆಳೆಸುವ ದಾರಿ ಅಜ್ಮಲ್ ಖಾನರೊಂದಿಗೆ ಮುಗಿಯಲಿಲ್ಲ.

ಕರೋಲ್ ಬಾಗಿನ ತಿಬ್ಬಿಯಾ ಕಾಲೇಜು ದೆಹಲಿ ಸರ್ಕಾರದ ಆಡಳಿತದಲ್ಲಿ ಇಂದಿಗೂ ನಡೆಯುತ್ತಿದೆ. ಅವರ ಜನ್ಮದಿನವಾದ ಫೆಬ್ರವರಿ 11ನ್ನು ಕೇಂದ್ರ ಸರ್ಕಾರ ಯೂನಾನಿ ದಿನವಾಗಿ ಆಚರಿಸುತ್ತಿದೆ. ನಮ್ಮ ಬೆಂಗಳೂರಿನಲ್ಲೇ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯೂನಾನಿ ವೈದ್ಯ ಸಂಸ್ಥೆಯಿದೆ. ಅಲ್ಲಿ 2004ರಿಂದ ಸ್ನಾತಕೋತ್ತರ ಶಿಕ್ಷಣ ನಡೆಯುತ್ತಿದೆ. ಕಲಬುರಗಿ, ಬೀದರ್, ರಾಯಚೂರು ಕಡೆಯ ಮನೆಗಳಿಗೆ ಹೈದರಾಬಾದಿನ ಝಿಂದಾ ತಿಲಿಸ್ಮಾತ್ ಚಿರಪರಿಚಿತ. 1920ರಲ್ಲಿ ಒಬ್ಬ ಹಕೀಮರೇ ಆರಂಭಿಸಿದ ಮದ್ದು ಅದು.

ಆದರೆ ಗುಟ್ಟಿನ ಮದ್ದುಗಳ ಕಾಲ ಪೂರ್ಣವಾಗಿ ಮುಗಿದಿದೆಯೇ? 1954ರಲ್ಲಿಯೇ ನಮ್ಮ ಸಂಸತ್ತು ಮಾಂತ್ರಿಕ ಚಿಕಿತ್ಸೆ ಮತ್ತು ಆಕ್ಷೇಪಾರ್ಹ ಔಷಧ ಜಾಹೀರಾತುಗಳ ವಿರುದ್ಧ ಕಾಯಿದೆ ಮಾಡಿದೆ. ಸಿಹಿಮೂತ್ರ, ಕ್ಯಾನ್ಸರ್, ಅಪಸ್ಮಾರ ಮುಂತಾದ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದು ಅದರ ಪ್ರಕಾರ ಅಪರಾಧ. 1964ರ ತಿದ್ದುಪಡಿಯಿಂದ ಆಯುರ್ವೇದ, ಯೂನಾನಿ ಮದ್ದುಗಳ ತಯಾರಿಕೆಯೂ ಔಷಧ ಕಾಯಿದೆಯಡಿ ಬಂದಿದೆ. ಹೀಗಿದ್ದರೂ ಒಂದೇ ಎಣ್ಣೆಯಿಂದ ನೂರು ಕಾಯಿಲೆ ವಾಸಿಯೆಂಬ ಘೋಷಣೆಗಳು ನಿಂತಿಲ್ಲ. ಕೆಲವರು ಧರ್ಮದ ಹೆಸರನ್ನೇ ಸೀಸೆಗೆ ಅಂಟಿಸಿ ಮಾರುತ್ತಾರೆ. ಜೇನು, ಕರಿಜೀರಿಗೆಗಳ ಬಗ್ಗೆ ನಮಗಿರುವ ಗೌರವವನ್ನೇ ಅವರು ಬಂಡವಾಳ ಮಾಡಿಕೊಳ್ಳುತ್ತಾರೆ. ಕೀಲುನೋವಿನ ಅನಾಮಧೇಯ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿ ಕೊಡುವ ದಂಧೆಯೂ ಇದೆ. ಮೊದಲ ವಾರ ನೋವು ಮಾಯವಾಗುತ್ತದೆ. ತಿಂಗಳುಗಟ್ಟಲೆ ಸೇವಿಸಿದರೆ ಮುಖ ಊದುತ್ತದೆ, ಸಕ್ಕರೆ ಕಾಯಿಲೆ ಏರುತ್ತದೆ, ಮೂಳೆ ಸವೆಯುತ್ತದೆ.

ಸೀಸೆಯ ಮೇಲೆ ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಘಟಕಗಳ ಪಟ್ಟಿ, ತಯಾರಿಸಿದ ಹಾಗೂ ಮುಗಿಯುವ ದಿನಾಂಕ ಇವೆಯೇ ಎಂದು ನೋಡುವುದು ಪ್ರತಿಯೊಬ್ಬ ಗೃಹಿಣಿಯ ಅಭ್ಯಾಸವಾಗಬೇಕು. ಇವಿಲ್ಲದ ಸೀಸೆ ಎಷ್ಟೇ ಪವಿತ್ರವಾದ ಹೆಸರು ಹೊತ್ತಿದ್ದರೂ ಮನೆಯೊಳಗೆ ಬರಬಾರದು. ಸಿಹಿಮೂತ್ರ, ರಕ್ತದೊತ್ತಡ, ಹೃದಯದ ಮದ್ದುಗಳನ್ನು ಸೇವಿಸುತ್ತಿರುವ ಹಿರಿಯರು ಹೊಸ ಮಾಜೂನು, ಲೇಹ್ಯಗಳನ್ನು ಆರಂಭಿಸುವ ಮೊದಲು ವೈದ್ಯರಿಗೆ ತಿಳಿಸಬೇಕು. ಎಳೆಯ ಮಕ್ಕಳ ವಿಷಯದಲ್ಲಂತೂ ನೆರೆಮನೆಯವರ ಅನುಭವವನ್ನು ನೆಚ್ಚಿ ಕೂರಬಾರದು.

ಅಲ್ಲಾಹನು ಮದ್ದಿಲ್ಲದ ಕಾಯಿಲೆಯನ್ನು ಇಳಿಸಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಈ ಮಾತನ್ನು ಕೆಲವರು ಕೈಗೆ ಸಿಕ್ಕ ಸೀಸೆಯನ್ನು ಮಾರಲು ಬಳಸುತ್ತಾರೆ. ಅಜ್ಮಲ್ ಖಾನರು ಅದನ್ನು ಹುಡುಕಾಟದ ಆದೇಶವಾಗಿ ತೆಗೆದುಕೊಂಡರು. ಮದ್ದು ಇದೆಯೆಂದಾದರೆ ಅದನ್ನು ಹುಡುಕಬೇಕು, ಹುಡುಕಿದ್ದನ್ನು ಪರೀಕ್ಷಿಸಬೇಕು, ಪರೀಕ್ಷಿಸಿದ್ದನ್ನು ಇತರರಿಗೆ ಕಲಿಸಬೇಕು.

ಮನುಷ್ಯನು ಮರಣ ಹೊಂದಿದಾಗ ಅವನ ಕರ್ಮಗಳೆಲ್ಲ ನಿಂತರೂ ಹರಿಯುತ್ತಲೇ ಇರುವ ದಾನ, ಜನರಿಗೆ ಪ್ರಯೋಜನ ನೀಡುವ ವಿದ್ಯೆ ಮತ್ತು ಪ್ರಾರ್ಥಿಸುವ ಸಂತಾನ ಇವುಗಳ ಪ್ರತಿಫಲ ನಿಲ್ಲುವುದಿಲ್ಲ ಎಂಬ ಪ್ರವಾದಿ ವಚನದ ತಾತ್ಪರ್ಯ ಎಲ್ಲರಿಗೂ ಗೊತ್ತಿದೆ. ಅಜ್ಮಲ್ ಖಾನರ ಕಾಲೇಜಿನಿಂದ ಪ್ರತಿ ವರ್ಷ ಯುವ ವೈದ್ಯರು ಹೊರಬರುತ್ತಿದ್ದಾರೆ. ಅವರ ಹೆಸರಿನ ಸತ್ವವು ಅವರು ಕಾಣದ ದೇಶಗಳಲ್ಲಿ, ಅವರು ಅರಿಯದ ಜನರ ಎದೆಬಡಿತವನ್ನು ಪರೀಕ್ಷಿಸುತ್ತಿದೆ. ಅಲ್ಲಾಹನು ಅವರ ಸೇವೆಯನ್ನು ಸ್ವೀಕರಿಸಲಿ. ಮದ್ದು ತಯಾರಿಸುವವರಿಗೂ ಮಾರುವವರಿಗೂ ಆ ಅಮಾನತ್ತಿನ ಭಯವನ್ನು ಕರುಣಿಸಲಿ. ಆಮೀನ್.